ತಡಿಯವ್ವ, ನೆಪ್ಪಿಗೆ ಬತ್ತೈತೆ

ಸೋಬಾನೆ ಪದವೊಂದರ ಅರವತ್ತನೆಯ ಸಾಲು ಟೈಪಿಸುತ್ತಿದ್ದಾಗ ಕಂಪ್ಯೂಟರ್ ಕೈಕೊಟ್ಟಿತು. ಮೆಮೊರಿ ಸಾಲದು, ಪ್ರೋಗ್ರಾಮುಗಳನ್ನು ಮುಚ್ಚಿ ಎಂಬ ಎಚ್ಚರಿಕೆ ಬಂತು. ನಾನು ಮುಚ್ಚುವ ಮೊದಲೇ ವರ್ಡ್ ತಾನಾಗಿ ಮುಚ್ಚಿಕೊಂಡಿತು. ಸಂಜೆಯಿಂದ ಕೂತು ಬರೆದದ್ದೆಲ್ಲ ಹೋಯಿತು. ಆ ವಾರದಲ್ಲಿ ಇದು ಮೂರನೆಯ ಸಲ.

ತಮ್ಮನ ಡಿಪ್ಲೊಮಾಗೆಂದು ಕೊಂಡ ಹಳೆಯ ಯಂತ್ರ ಅದು. ರ‍್ಯಾಮ್ 4 ಜಿಬಿ. ಅದರ ಮೇಲೆ ಈಗ ನನ್ನ ಪಿಎಚ್‌ಡಿಯ ಹೊರೆ: ಅಜ್ಜಿಯ ಹಾಡಿನ ಆಡಿಯೊ, ಸ್ಕ್ಯಾನ್ ಮಾಡಿದ ಪುಸ್ತಕಗಳು, ಬ್ರೌಸರಿನಲ್ಲಿ ಇಪ್ಪತ್ತು ಟ್ಯಾಬು. “ಅದಕ್ಕೂ ವಯಸ್ಸಾಯ್ತು, ಬಿಡೇ” ಎಂದಳು ಅಮ್ಮ. ಹೊಸದನ್ನು ಕೊಳ್ಳೋಣವೆಂದರೆ ಫೆಲೋಶಿಪ್ ಬಂದು ತಿಂಗಳುಗಳಾಗಿದ್ದವು. ನಾನೇ ರಿಪೇರಿಗೆ ಕೂತೆ.

ಟಾಸ್ಕ್ ಮ್ಯಾನೇಜರಿನಲ್ಲಿ ‘ಕಮಿಟೆಡ್’ ಎಂಬುದರ ಮಿತಿ 3.9 ಜಿಬಿ ಎಂದಿತ್ತು. ಅಂದರೆ ಹೆಚ್ಚುಕಡಿಮೆ ರ‍್ಯಾಮ್ ಇದ್ದಷ್ಟೇ. ಸಾಮಾನ್ಯವಾಗಿ ಈ ಲೆಕ್ಕಕ್ಕೆ ಹಾರ್ಡ್‌ಡಿಸ್ಕಿನ ಒಂದು ಪಾಲೂ ಸೇರುತ್ತದೆ. ಅದೇ ವರ್ಚುವಲ್ ಮೆಮೊರಿ. ರ‍್ಯಾಮ್ ತುಂಬಿದಾಗ, ಬಹಳ ಹೊತ್ತು ಯಾರೂ ಮುಟ್ಟದ ಪುಟಗಳನ್ನು ವಿಂಡೋಸ್ ಡಿಸ್ಕಿನ ಪೇಜಿಂಗ್ ಫೈಲಿಗೆ ಸಾಗಿಸುತ್ತದೆ. ಬೇಕೆಂದಾಗ ಪ್ರೋಗ್ರಾಮನ್ನು ಕ್ಷಣಕಾಲ ನಿಲ್ಲಿಸಿ ವಾಪಸು ತರುತ್ತದೆ. ಡಿಸ್ಕು ರ‍್ಯಾಮಿಗಿಂತ ಸಾವಿರಾರು ಪಟ್ಟು ನಿಧಾನ. ಆದರೆ ಇಟ್ಟದ್ದು ಕಳೆಯುವುದಿಲ್ಲ. 1962ರಲ್ಲಿ ಮ್ಯಾಂಚೆಸ್ಟರಿನಲ್ಲಿ ಟಾಮ್ ಕಿಲ್ಬರ್ನ್ ಅವರ ತಂಡ ಅಟ್ಲಾಸ್ ಯಂತ್ರದಲ್ಲಿ ಇದನ್ನೇ ಮಾಡಿತ್ತು: ಚಿಕ್ಕದಾದ ವೇಗದ ಸ್ಮೃತಿಯನ್ನೂ ತಿರುಗುವ ಡ್ರಮ್ಮನ್ನೂ ಒಂದೇ ದೊಡ್ಡ ಸ್ಮೃತಿಯಂತೆ ಕಾಣಿಸುವ ಉಪಾಯ.

ರನ್ ಪೆಟ್ಟಿಗೆಯಲ್ಲಿ ಎಸ್‌ವೈಎಸ್‌ಡಿಎಂ ಡಾಟ್ ಸಿಪಿಎಲ್ ಎಂದು ಬರೆದು, ಅಡ್ವಾನ್ಸ್ಡ್, ಪರ್ಫಾರ್ಮೆನ್ಸ್, ಮತ್ತೆ ಅಡ್ವಾನ್ಸ್ಡ್ ದಾಟಿ ವರ್ಚುವಲ್ ಮೆಮೊರಿಗೆ ಬಂದೆ. ಸಿ ಡ್ರೈವಿನ ಮುಂದೆ ‘ನೋ ಪೇಜಿಂಗ್ ಫೈಲ್’ ಎಂದಿತ್ತು.

ಹೀಗೆ ಮಾಡಿದ್ದು ನಾನೇ. ಕಳೆದ ವರ್ಷ ಡ್ರೈವಿನಲ್ಲಿ ಜಾಗವಿಲ್ಲದಾಗ, ಕೆಲವು ಜಿಬಿ ನುಂಗಿ ಕೂತಿದ್ದ ಆ ಫೈಲು ಕಸದಂತೆ ಕಂಡಿತ್ತು.

ಬೇಡದ ವಿಡಿಯೊಗಳನ್ನು ಅಳಿಸಿ ಜಾಗ ಮಾಡಿದೆ. ವಿಂಡೋಸೇ ನಿಭಾಯಿಸಲಿ ಎಂಬ ಮೇಲಿನ ಚೌಕಕ್ಕೆ ಟಿಕ್ ಹಾಕಿ ರೀಸ್ಟಾರ್ಟ್ ಮಾಡಿದೆ. ಯಂತ್ರ ಚುರುಕಾಗಲಿಲ್ಲ. ಟ್ಯಾಬು ಬದಲಿಸಿದರೆ ಈಗಲೂ ಡಿಸ್ಕು ಗರಗರ ಎನ್ನುತ್ತದೆ. ರ‍್ಯಾಮಿನ ಕೊರತೆಯನ್ನು ಪೇಜಿಂಗ್ ಫೈಲು ಪೂರ್ತಿ ತುಂಬಲಾರದು. ಆದರೆ ಕೆಲಸ ನಡುವೆ ಬಿದ್ದುಹೋಗುವುದು ನಿಂತಿತು.

ಕಳೆದುಹೋದ ಪದವನ್ನು ಮತ್ತೆ ಬರೆಯಲು ಆಡಿಯೊ ಹಾಕಿದೆ. ಹನ್ನೆರಡನೆಯ ನಿಮಿಷದಲ್ಲಿ ಅಜ್ಜಿ ತಡವರಿಸುತ್ತಾಳೆ. “ತಡಿಯವ್ವ, ನೆಪ್ಪಿಗೆ ಬತ್ತೈತೆ” ಅನ್ನುತ್ತಾಳೆ. ಟಕ್ ಎಂಬ ಸದ್ದು. ಆಮೇಲೆ ಬೇರೆಯೇ ಹಾಡು. ಆ ಟಕ್ ನನ್ನ ಬೆರಳಿನದು. ಅವಳ ಮೌನವನ್ನು ರೆಕಾರ್ಡ್ ಮಾಡಿ ಫೋನಿನ ಜಾಗ ಯಾಕೆ ಕಳೆಯಬೇಕೆಂದು ಪ್ರತಿ ಸಲವೂ ನಿಲ್ಲಿಸುತ್ತಿದ್ದೆ. ಅವಳು ಅವರೆಕಾಯಿ ಸುಲಿಯುತ್ತ, ಅರ್ಧ ಗಂಟೆಯ ಮೇಲೆ ಮರೆತ ಸಾಲನ್ನು ತಾನೇ ಗುನುಗಿದ್ದು ನೆನಪಿದೆ. ಸಾಲು ಮಾತ್ರ ನೆನಪಿಲ್ಲ. ನನ್ನ ಟಿಪ್ಪಣಿಯಲ್ಲಿ ಅಲ್ಲಿ ‘ಮರೆತಿದ್ದಾರೆ’ ಎಂದು ಬರೆದಿದೆ.

ಆ ಪದ ಹೊಡೆದುಹಾಕಿದ್ದೇನೆ. ಅಜ್ಜಿಗೆ ಎಂಬತ್ತೆರಡು. ಶನಿವಾರ ತಿಪಟೂರಿನ ಬಸ್ಸು ಹತ್ತಬೇಕು. ಈ ಸಲ ಫೋನನ್ನು ಪೂರ್ತಿ ಖಾಲಿ ಮಾಡಿಕೊಂಡಿದ್ದೇನೆ, ಅವಳು ಸುಮ್ಮನಿದ್ದಷ್ಟು ಹೊತ್ತೂ ಅದು ಆನ್ ಆಗಿಯೇ ಇರಲಿ ಅಂತ.