ಮುಪ್ಪಿನ ಮಾನ

ಮುಪ್ಪಿನವರಿಗೆ ಅನ್ನವಿಕ್ಕುವುದು ಪುಣ್ಯವೆಂಬುದನ್ನು ನಾವೆಲ್ಲರೂ ಬಲ್ಲೆವು. ಆದರೆ ಅನ್ನದೊಡನೆ ಅವರಿಗೆ ಸಲ್ಲತಕ್ಕ ಇನ್ನೊಂದುಂಟು, ಅದು ಮಾನ. ಹೊಟ್ಟೆ ತುಂಬಿದ ಮಾತ್ರಕ್ಕೆ ಮನಸ್ಸು ತುಂಬಲಾರದು. ಇದನ್ನು ನಾನು ಪುಸ್ತಕದಿಂದ ಕಲಿತವಳಲ್ಲ; ಯಾದಗಿರಿ, ಶಹಾಪುರ, ಸುರಪುರಗಳ ಮನೆಗಳಲ್ಲಿ ಕಣ್ಣಾರೆ ಕಂಡು ಕಲಿತೆನು.

ನಮ್ಮ ಸೀಮೆಯ ಮುಪ್ಪಿಗೆ ಒಂದು ವಿಶೇಷವಾದ ಕಷ್ಟವುಂಟು. ಅದೇ ಗುಳೆ. 1982ರಲ್ಲಿ ನಾರಾಯಣಪುರದ ಬಳಿ ಕೃಷ್ಣೆಗೆ ಕಟ್ಟಿದ ಬಸವಸಾಗರ ಅಣೆಕಟ್ಟು ಪೂರ್ಣಗೊಂಡು, ಶಹಾಪುರ ಸುರಪುರಗಳ ಅನೇಕ ಹೊಲಗಳಿಗೆ ಕಾಲುವೆಯ ನೀರು ಬಂದಿತು. ಆದರೆ ನೀರು ತಲುಪದ ಊರುಗಳಲ್ಲಿ, ತೊಗರಿ ಹತ್ತಿಗಳ ಸುಗ್ಗಿ ಮುಗಿದೊಡನೆ ಕೈಗೆ ಕೆಲಸವಿರದು. ಆಗ ಪ್ರಾಯದ ಗಂಡಹೆಂಡಿರು ಕಟ್ಟಡದ ಕೂಲಿಯನ್ನರಸಿ ಬೆಂಗಳೂರು, ಹೈದರಾಬಾದು, ಮುಂಬಯಿಗಳಿಗೆ ತೆರಳುವರು. ಮನೆಯಲ್ಲಿ ಉಳಿಯುವವರು ಮುತ್ಯಾ, ಆಯಿ ಮತ್ತು ಶಾಲೆಗೆ ಹೋಗುವ ಮೊಮ್ಮಕ್ಕಳು.

ನಮ್ಮ ಓಣಿಯಲ್ಲಿ ಅಂತಹ ಆಯಿಯೊಬ್ಬಳಿದ್ದಳು. ಹಳೆಯ ಸೀರೆಗಳನ್ನು ಪದರಪದರವಾಗಿ ಹಾಸಿ ಕೌದಿ ಹೊಲಿಯುವುದರಲ್ಲಿ ಅವಳದು ಎತ್ತಿದ ಕೈ. ಮಗನು ನಿಷ್ಠುರನಲ್ಲ, ತಿಂಗಳು ತಪ್ಪದೆ ಹಣ ಕಳುಹಿಸುತ್ತಿದ್ದನು. ಆದರೂ ಒಂದು ದಿನ ಅವಳ ಮುಖ ಬಾಡಿದ್ದುದನ್ನು ಕಂಡು ಕಾರಣವನ್ನು ಕೇಳಿದೆನು. “ಹೊಲ ಲಾವಣಿಗೆ ಕೊಟ್ಟಾನಂತ ಯವ್ವಾ. ಮಂದಿ ಹೇಳಿದ ಮ್ಯಾಲ ನನಗ ಗೊತ್ತಾತು. ನಲವತ್ತು ವರ್ಷ ಆ ಹೊಲದಾಗ ಕಳೆ ತೆಗದೀನಿ, ನನ್ನ ಒಂದು ಮಾತು ಕೇಳಲಿಲ್ಲ” ಎಂದಳು. ಲಾವಣಿಗೆ ಕೊಟ್ಟುದು ಅವಳಿಗೆ ಅಸಮ್ಮತವೇನೂ ಆಗಿರಲಿಲ್ಲ. ಕೇಳದೆ ಕೊಟ್ಟುದೇ ಅವಳ ದುಃಖ. ಇದ್ದೂ ಇಲ್ಲದವಳಾದೆನೆಂಬ ಆ ಭಾವಕ್ಕೆ ಯಾವ ಹಣವೂ ಮದ್ದಾಗಲಾರದು.

ಮನೆಯ ಹೊರಗೂ ಮಾನಕ್ಕೆ ಕುಂದು ಬರುವುದುಂಟು. ಒಮ್ಮೆ ಒಂದು ಕಚೇರಿಯಲ್ಲಿ, ಜೀವಮಾನವೆಲ್ಲ ಹತ್ತಿ ಬಿಡಿಸಿ ಸವೆದ ಮುದುಕಿಯ ಬೆರಳ ಗುರುತನ್ನು ಯಂತ್ರವು ಹಿಡಿಯದೆ ಹೋಯಿತು. ಗುಮಾಸ್ತನು ಎಲ್ಲರೆದುರು ಗದರಿದನು, ಕೆಲವರು ನಕ್ಕರು. ಸಾಲಿನಲ್ಲಿದ್ದ ಹುಡುಗಿಯೊಬ್ಬಳು ಮಾತ್ರ ಮುಂದೆ ಬಂದು, ಆ ಕೈಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಇನ್ನೊಂದು ಬೆರಳನ್ನು ಇರಿಸಿದಳು. ಗುರುತು ಸಿಕ್ಕಿತು. ದುಡಿದು ಸವೆದ ಬೆರಳು ನಾಚಿಕೆಯ ವಸ್ತುವಲ್ಲವೆಂದು ಆ ಬಾಲೆಗೆ ತಿಳಿದಿತ್ತು.

ಸರಕಾರವು ವೃದ್ಧರನ್ನು ಮರೆತಿಲ್ಲ. 2007ರಲ್ಲಿ ನಮ್ಮ ರಾಜ್ಯದಲ್ಲಿ ಸಂಧ್ಯಾ ಸುರಕ್ಷಾ ಯೋಜನೆಯು 65 ವರ್ಷ ಮೀರಿದ ಬಡವರಿಗಾಗಿ ಆರಂಭವಾಯಿತು. ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯಿದೆಯೂ ಅದೇ ವರ್ಷದ್ದು. ಅದರಂತೆ, ತಮ್ಮನ್ನು ತಾವು ಪೋಷಿಸಿಕೊಳ್ಳಲಾರದ ತಂದೆತಾಯಿಗಳು ಮಕ್ಕಳಿಂದ ಮಾಸಾಶನವನ್ನು ಕೋರಿ ಉಪವಿಭಾಗದ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. ನೋಡಿಕೊಳ್ಳುವೆನೆಂಬ ಕರಾರಿನ ಮೇಲೆ ಆಸ್ತಿಯನ್ನು ಬರೆಯಿಸಿಕೊಂಡು ಕೈಬಿಟ್ಟರೆ, ಆ ಪತ್ರವನ್ನೇ ರದ್ದುಗೊಳಿಸಲು ಅವಕಾಶವುಂಟು. 14567 ಎಂಬ ಸಂಖ್ಯೆಗೆ ಫೋನು ಮಾಡಿದರೆ ಹಿರಿಯರಿಗೆ ಸಲಹೆ ದೊರೆಯುವುದು. ಇವನ್ನು ನಾವು ತಿಳಿದಿರಬೇಕು, ತಿಳಿಯದವರಿಗೆ ತಿಳಿಸಬೇಕು. ಆದರೆ ಕಾಯಿದೆಯು ಹಣವನ್ನು ಕೊಡಿಸೀತೇ ಹೊರತು, “ಆಯಿ, ನೀನೇನಂತೀ?” ಎಂದು ಕೇಳಿಸಲಾರದು.

ಆ ಕೆಲಸ ನಮ್ಮದು, ಸೋದರಿಯರೇ. ದೂರದಿಂದ ಫೋನು ಬಂದಾಗ ಅದನ್ನು ಮೊದಲು ಮುತ್ಯಾನ ಕೈಗೆ ಕೊಡೋಣ. ನೆರೆಯ ಅಜ್ಜಿಯ ಪಾಸ್‌ಬುಕ್ಕನ್ನು ಓದಿ ಹೇಳುವಾಗ ಧ್ವನಿಯನ್ನು ತಗ್ಗಿಸೋಣ. ಅವಳ ಲೆಕ್ಕವು ಓಣಿಯ ಮಾತಾಗಬಾರದು. ಅವರ ಔಷಧ, ಅವರ ಹೊಲ, ಅವರ ಊಟಗಳ ವಿಚಾರವನ್ನು ಅವರ ತಲೆಯ ಮೇಲಿಂದ ಆಡದೆ ಅವರೊಡನೆಯೇ ಆಡೋಣ. ಕೌದಿ ಹೊಲಿಯಬಲ್ಲ ಕೈಗಳಿಂದ ನಾವೂ ಹೊಲಿಗೆಯನ್ನು ಕಲಿಯೋಣ. ಕಲಿಸುವವರಿಗೆ ಮುಪ್ಪು ಅಷ್ಟು ಭಾರವೆನಿಸದು. ವಿದ್ಯೆ ಕಲಿತ ಹೆಣ್ಣುಮಕ್ಕಳು ಪ್ರತಿ ಓಣಿಯಲ್ಲಿ ಇಷ್ಟನ್ನು ನಡೆಸಿದರೆ, ಗುಳೆಯಿಂದ ಬರಿದಾದ ಮನೆಗಳಲ್ಲಿಯೂ ಹಿರಿಯರು ಹಿರಿಯರಾಗಿಯೇ ಬಾಳುವರು.