ನೇಪಾಳದ ದಾರಿ ಯಲಬುರ್ಗಾ ಮೇಲೆ

ಕುಷ್ಟಗಿಯಿಂದ ಕಠ್ಮಂಡುವಿಗೆ ಹೊರಟರೆ ಮೊದಲು ಯಾವ ಊರು ಬರುತ್ತದೆ? ನಕ್ಷೆ ನೋಡಿದ ಮಕ್ಕಳು ವಿಜಯಪುರ ಎಂದೋ ಸೊಲ್ಲಾಪುರ ಎಂದೋ ಹೇಳಿಯಾರು. ನಮಗೆ ಮೊದಲು ಬಂದದ್ದು ಯಲಬುರ್ಗಾ. ಆಮೇಲೆ ಗಂಗಾವತಿ, ಕೊನೆಗೆ ಕೊಪ್ಪಳ. ಇದು ರೈಲಿನ ದಾರಿಯಲ್ಲ, ಕಾಗದಪತ್ರದ ದಾರಿ.

2023ರ ದಸರಾ ರಜೆಗೆ ಮುಂಚಿನ ಮಾತು. ಪಶುಪತಿನಾಥನನ್ನು ನೋಡಬೇಕೆಂಬುದು ನಮ್ಮ ಮನೆಯಾಕೆಯ ಬಹುದಿನದ ಆಸೆ. ಅಲ್ಲಿ ಪೂಜೆ ಮಾಡುವ ಭಟ್ಟರು ದಕ್ಷಿಣದ ಕಡೆಯವರು, ಅವರಲ್ಲಿ ಕರ್ನಾಟಕದವರೂ ಇದ್ದಾರೆ ಎಂದು ಯಾರೋ ಹೇಳಿದ ಮೇಲಂತೂ, "ಹಂಗಾದ್ರ ಕನ್ನಡದಾಗ ಬೇಡಿಕೊಂಡ್ರೂ ನಡೀತೈತಿ ಬಿಡ್ರಿ" ಎಂದು ಗಂಟುಮೂಟೆ ಕಟ್ಟಲು ಕೂತಳು. ಮಗ, ಹದಿನಾರರ ಮೊಮ್ಮಗಳು, ಹನ್ನೆರಡರ ಮೊಮ್ಮಗ, ನಾವಿಬ್ಬರು. ಒಟ್ಟು ಐದು ಜನ.

"ಅಜ್ಜಾ, ಬ್ಯಾರೆ ದೇಶಕ್ಕ ಹೋಗಾಕ ಪಾಸ್‌ಪೋರ್ಟು, ವೀಸಾ ಎರಡೂ ಬೇಕಲ್ಲ?" ಎಂದ ಮೊಮ್ಮಗ.

ಈ ಎರಡು ಒಂದೇ ಎಂದು ತಿಳಿದ ದೊಡ್ಡವರೂ ಇದ್ದಾರೆ. ಪಾಸ್‌ಪೋರ್ಟ್ ಎಂದರೆ "ಇವರು ನಮ್ಮ ಮನೆಯವರು" ಎಂದು ನಮ್ಮ ಸರ್ಕಾರ ಕೊಡುವ ಮಾತು. ವೀಸಾ ಎಂದರೆ "ಬರಲಿ, ಇಷ್ಟು ದಿನ ಇದ್ದು ಹೋಗಲಿ" ಎಂದು ಆ ದೇಶದವರು ಕೊಡುವ ಮಾತು. ನಮ್ಮ ಓಣಿಯ ಹಿರಿಯರೊಬ್ಬರು ಮೆಕ್ಕಾಕ್ಕೆ ಹೋಗುವಾಗ ಎರಡನ್ನೂ ಮಾಡಿಸಿಕೊಂಡಿದ್ದರು. ನೇಪಾಳಕ್ಕೆ ಹಾಗಲ್ಲ. 1950ರಲ್ಲಿ ಎರಡು ದೇಶಗಳ ನಡುವೆ ಆದ ಒಪ್ಪಂದದ ಬಲದಿಂದ ನಮಗೆ ಅಲ್ಲಿ ವೀಸಾ ಬೇಡ, ಅವರಿಗೆ ಇಲ್ಲಿ ಬೇಡ.

ವೀಸಾ ಬೇಡ ಎಂದರೆ ಕಾಗದವೇ ಬೇಡ ಎಂದಲ್ಲ. ನಾವು ಎಡವಿದ್ದು ಇಲ್ಲೇ. ಆಧಾರ್ ಕಾರ್ಡ್ ಇದ್ದರೆ ಸಾಕು ಎಂದುಕೊಂಡಿದ್ದೆವು. ಅದು ಸಾಕಾಗುವುದು 15 ವರ್ಷದೊಳಗಿನ ಮಕ್ಕಳಿಗೆ ಮತ್ತು 65 ದಾಟಿದವರಿಗೆ ಮಾತ್ರ. 2019ರಿಂದ ಈ ಅನುಕೂಲ ಬಂದಿದೆ. ನಡುವಿನ ವಯಸ್ಸಿನವರು ಪಾಸ್‌ಪೋರ್ಟನ್ನಾದರೂ ತೋರಿಸಬೇಕು, ಚುನಾವಣಾ ಆಯೋಗದ ವೋಟಿಂಗ್ ಕಾರ್ಡನ್ನಾದರೂ ತೋರಿಸಬೇಕು. ಹದಿನೈದರಿಂದ ಹದಿನೆಂಟರವರಿಗೆ ಶಾಲೆ ಕಾಲೇಜಿನ ಪ್ರಿನ್ಸಿಪಾಲರು ನಿಗದಿತ ನಮೂನೆಯಲ್ಲಿ ಕೊಟ್ಟ ಗುರುತಿನ ಪತ್ರ ನಡೆಯುತ್ತದೆ. ಅಜ್ಜ ಮೊಮ್ಮಗನಿಗೆ ಒಂದೇ ನಿಯಮ, ನಡುವೆ ಸಿಕ್ಕ ಅಪ್ಪನಿಗೆ ಬೇರೆ! ಮೊಮ್ಮಗನಿಗೆ ಇದು ಬಹಳ ಹಿಡಿಸಿತು. ವಾರವಿಡೀ ಅವರಪ್ಪನನ್ನು ಕಾಡಿಸಿದ.

ನನಗೆ ಎಪ್ಪತ್ತು, ಚಿಂತೆಯಿಲ್ಲ. ಮಗನ ವೋಟಿಂಗ್ ಕಾರ್ಡ್ ಕಿಸೆಯಲ್ಲೇ ಇತ್ತು. ಮೊಮ್ಮಗಳ ಪತ್ರ ಎರಡು ದಿನದಲ್ಲಿ ಸಿಕ್ಕಿತು. ಮನೆಯಾಕೆಯ ಆಧಾರ್ ತೆಗೆದು ನೋಡಿದರೆ ಹುಟ್ಟಿದ ದಿನ 1-1-1960. ಅಂದರೆ ಅರವತ್ತಮೂರು! ಕಾರ್ಡ್ ಮಾಡಿಸುವ ದಿನ ಸಾಲಿನಲ್ಲಿ ನಿಂತು ನಾನೇ ಅಂದಾಜಿಗೆ ಹೇಳಿದ ವರ್ಷ ಅದು. ನಮ್ಮ ಕಾಲದವರಲ್ಲಿ ಎಷ್ಟು ಜನ ಜನವರಿ ಒಂದಕ್ಕೋ ಜೂನ್ ಒಂದಕ್ಕೋ ಹುಟ್ಟಿದ್ದಾರೆ, ನಿಮ್ಮ ಮನೆಯ ಅಜ್ಜ ಅಜ್ಜಿಯ ಕಾರ್ಡ್ ತೆಗೆದು ನೋಡಿ.

"ಡ್ಯಾಮಿಗೆ ನೀರು ನಿಲ್ಲಿಸಿದ ನಾಕನೇ ವರ್ಷ ನಾ ಹುಟ್ಟಿದ್ದು ಅಂತ ನಮ್ಮವ್ವ ಹೇಳ್ತಿದ್ಲು" ಎಂದಳು. ಮುನಿರಾಬಾದಿನ ತುಂಗಭದ್ರಾ ಅಣೆಕಟ್ಟಿನಲ್ಲಿ ನೀರು ನಿಂತದ್ದು 1953ರಲ್ಲಿ. ಅಲ್ಲಿಗೆ 1957. ಆದರೆ ಡ್ಯಾಮಿನ ಸಾಕ್ಷಿ ಗಡಿಯಲ್ಲಿ ನಡೆಯುವುದಿಲ್ಲವಲ್ಲ. ಯಲಬುರ್ಗಾ ತಾಲ್ಲೂಕಿನ ಅವಳ ತವರೂರಿಗೆ ಬಸ್ ಹತ್ತಿದೆವು. ನಾಲ್ಕನೇ ಇಯತ್ತೆವರೆಗೆ ಓದಿದ ಶಾಲೆ ಇನ್ನೂ ಇದೆ. ಗುರುಗಳು ಕಪಾಟಿನಿಂದ ಹಳೆಯ ರಿಜಿಸ್ಟರ್ ತೆಗೆದು, ಧೂಳು ಝಾಡಿಸಿ, ಬೆರಳಿಟ್ಟು ಹುಡುಕಿದರು. 1-6-1957. ಮನೆಯಾಕೆ ಆ ಸಾಲನ್ನು ಬಹಳ ಹೊತ್ತು ನೋಡಿದಳು. ಕೆಳಗಿನ ಹೆಸರು ಅವಳ ಗೆಳತಿಯದು. ಆಕೆ ತೀರಿಕೊಂಡು ಎಷ್ಟೋ ವರ್ಷವಾಯಿತು.

ಶಾಲೆಯ ದಾಖಲೆ ಸಿಕ್ಕಿತು, ಆಧಾರ್ ತಿದ್ದುಪಡಿಗೆ ಅರ್ಜಿಯೂ ಹೋಯಿತು. ಆದರೆ ರಜೆಯೊಳಗೆ ಹೊಸ ಕಾರ್ಡ್ ಬರುವ ನೆಚ್ಚಿಕೆ ಇರಲಿಲ್ಲ. "ನೀವು ಹೋಗಿ ಬರ್ರಿ, ನಾ ಮನ್ಯಾಗ ಇರ್ತೀನಿ" ಎಂದಳು. ಅಂದು ರಾತ್ರಿ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

"ಅಮ್ಮಾ, ನೀ ವೋಟ್ ಹಾಕೀಯಲ್ಲ? ಆ ಕಾರ್ಡ್ ಎಲ್ಲೈತಿ?" ಎಂದು ಕೇಳಿದವನು ಮೊಮ್ಮಗನೇ. (ನಮ್ಮ ಕಡೆ ಅಜ್ಜಿಗೆ ಅಮ್ಮ, ತಾಯಿಗೆ ಅವ್ವ.) ಕಾರ್ಡು ಗಂಗಾವತಿಯಲ್ಲಿ ಮಗಳ ಮನೆಯ ಟ್ರಂಕಿನಲ್ಲಿತ್ತು. ವೋಟಿಂಗ್ ಕಾರ್ಡಿಗೆ ಅರವತ್ತೈದರ ಗೊಡವೆಯಿಲ್ಲ. ಇಷ್ಟು ದೊಡ್ಡವರಿಗೆ ಹೊಳೆಯದ್ದು ಅವನಿಗೆ ಹೊಳೆಯಿತು.

ಮರುದಿನ ಅವನನ್ನೇ ಕರೆದುಕೊಂಡು ತಾವರಗೇರಾ, ಕನಕಗಿರಿ ಹಾದಿಯಲ್ಲಿ ಗಂಗಾವತಿಗೆ ಹೋದೆ. ಕಣ್ಣಿದ್ದವರು ಕನಕಗಿರಿ ನೋಡಬೇಕು, ಕಾಲಿದ್ದವರು ಹಂಪಿ ನೋಡಬೇಕು ಎನ್ನುತ್ತಾರಲ್ಲ, ಬಸ್ಸಿನ ಕಿಟಕಿಯಿಂದಲೇ ಕೈಮುಗಿದೆವು. ಅಲ್ಲಿಂದ ಮುಂದೆ ಎರಡೂ ಬದಿಗೆ ಭತ್ತದ ಗದ್ದೆ. ಟ್ರಂಕಿನ ತಳದಲ್ಲಿ, ಗ್ಯಾಸಿನ ಪುಸ್ತಕದೊಳಗೆ ಕಾರ್ಡು ಸಿಕ್ಕಿತು. ಆಧಾರಿನಲ್ಲಿ ಹೆಸರಿನ ಕೊನೆಗೆ 'ಅಮ್ಮ', ಇದರಲ್ಲಿ 'ಅವ್ವ'. ಇರಲಿ, ತೋರಿಸುವುದು ಒಂದನ್ನೇ.

ಹೇಗೂ ಬಂದಿದ್ದೇವೆ ಎಂದು ಆನೆಗೊಂದಿಗೆ ಹೋದೆವು. ಚಹಾ ಕುಡಿಯಲು ನಿಂತಲ್ಲಿ ಒಬ್ಬ ವಿದೇಶಿ ಹೆಣ್ಣುಮಗಳು ವಸತಿಗೃಹದವರಿಗೆ ಪಾಸ್‌ಪೋರ್ಟ್ ಕೊಟ್ಟು ನಿಂತಿದ್ದಳು. ಹೊರದೇಶದವರು ಉಳಿದುಕೊಂಡರೆ 24 ಗಂಟೆಯೊಳಗೆ ಅವರ ವಿವರವನ್ನು ಸರ್ಕಾರಕ್ಕೆ ತಿಳಿಸಬೇಕು. ಮೊಮ್ಮಗ ಕುತ್ತಿಗೆ ಚಾಚಿ ನೋಡಿದ. ಪುಟದಲ್ಲಿ ಅಂಟಿಸಿದ ವೀಸಾ ಕಂಡಿತು. "ಆಕಿಗೆ ನಮ್ಮೂರು ಫಾರಿನ್!" ಎಂದು ನಕ್ಕ.

ನದಿ ದಂಡೆಯಲ್ಲಿ ಕೂತಾಗ ನಮ್ಮಪ್ಪ ಹೇಳುತ್ತಿದ್ದದ್ದನ್ನು ಅವನಿಗೆ ಹೇಳಿದೆ. 1948ರವರೆಗೆ ಈ ದಂಡೆ ಹೈದರಾಬಾದ್ ನಿಜಾಮರದು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಲ್ಲವೂ ಅವರ ಸೀಮೆ. ಎದುರಿನ ಹಂಪಿ, ಹೊಸಪೇಟೆ ಮದ್ರಾಸ್ ಪ್ರಾಂತ್ಯ. ಆ ಕಡೆ ಗದಗ, ಗಜೇಂದ್ರಗಡ ಮುಂಬೈ ಪ್ರಾಂತ್ಯ. ನಿಜಾಮರಿಗೆ ಬೇರೆಯೇ ನಾಣ್ಯ, ಬೇರೆಯೇ ಅಂಚೆಚೀಟಿ, ಸರಕಿಗೆ ಸುಂಕ ವಸೂಲಿ ಮಾಡುವ ಕರೋಡಗಿರಿ ನಾಕಾ. ಬೀಗರ ಮನೆಗೆ ಹೋಗಿ ಬರುವಾಗ ಗಂಟು ಬಿಚ್ಚಿ ತೋರಿಸಬೇಕಿತ್ತಂತೆ. ಮೊಮ್ಮಗ ಆಚೆ ದಂಡೆ ನೋಡಿದ. ಅಲ್ಲೊಬ್ಬ ಎಮ್ಮೆ ಮೈ ತೊಳೆಯುತ್ತಿದ್ದ.

ರೈಲು ಹತ್ತುವ ದಿನ ಕೊಪ್ಪಳಕ್ಕೆ ಬೇಗ ಬಂದು ಗವಿಮಠಕ್ಕೆ ಹೋದೆವು. ಗದ್ದುಗೆಗೆ ನಮಸ್ಕರಿಸಿ, ಬೆಟ್ಟದ ಬಂಡೆಯ ಮೇಲಿನ ಅಶೋಕನ ಶಾಸನ ನೋಡಿದೆವು. ಇಂಥದ್ದೇ ಇನ್ನೊಂದು ಹತ್ತಿರದ ಪಾಲ್ಕಿಗುಂಡಿನಲ್ಲೂ ಇದೆ. ನೇಪಾಳದ ಲುಂಬಿನಿಯಲ್ಲಿ ಅದೇ ಅಶೋಕ ನಿಲ್ಲಿಸಿದ ಕಂಬವಿದೆ. ಬುದ್ಧ ಹುಟ್ಟಿದ ಊರೆಂದು ಅದಕ್ಕೆ ತೆರಿಗೆ ಇಳಿಸಿದ ಸಂಗತಿ ಅದರ ಮೇಲೆ ಬರೆದಿದೆ. ಇಲ್ಲಿಯದೂ ಬ್ರಾಹ್ಮಿ ಲಿಪಿ, ಅಲ್ಲಿಯದೂ ಬ್ರಾಹ್ಮಿ ಲಿಪಿ. ಮೊಮ್ಮಗಳು ನಾಲ್ಕು ಅಕ್ಷರ ವಹಿಯಲ್ಲಿ ಬರೆದುಕೊಂಡಳು, ಲುಂಬಿನಿಯಲ್ಲಿ ಹೊಂದಿಸಿ ನೋಡಲು.

ಗಾಡಿ ಬದಲಿಸುತ್ತ ಗೋರಖಪುರ, ಅಲ್ಲಿಂದ ಬಸ್ಸಿನಲ್ಲಿ ಸುಮಾರು ನೂರು ಕಿಲೋಮೀಟರ್ ಸೋನೌಲಿ. ಗಡಿ ಎಂದರೆ ಬೆಟ್ಟವೋ ನದಿಯೋ ಇರುತ್ತದೆ ಎಂದುಕೊಂಡಿದ್ದೆವು. ಅಂಗಡಿ ಸಾಲಿನ ನಡುವೆ ಒಂದು ಕಮಾನು, ಅಷ್ಟೇ. ಸೈಕಲ್ ರಿಕ್ಷಾ, ಲಾರಿ, ತರಕಾರಿ ಬುಟ್ಟಿ ಹೊತ್ತವರು ಎಲ್ಲರೂ ಅದರಡಿ ಹಾಯುತ್ತಿದ್ದರು. ಸಶಸ್ತ್ರ ಸೀಮಾ ಬಲದ ಜವಾನ ಕಾಗದ ಕೇಳಿದ. ಮನೆಯಾಕೆ ಸೆರಗಿನ ಗಂಟು ಬಿಚ್ಚಿ ಕಾರ್ಡ್ ಕೊಟ್ಟಳು. ಕೈ ನಡುಗುತ್ತಿತ್ತು. ಆತ ಫೋಟೋ ನೋಡಿದ, ಮುಖ ನೋಡಿದ, "ಜಾಯಿಯೇ ಮಾತಾಜೀ" ಎಂದ.

ಕಮಾನು ದಾಟಿ ನಾಲ್ಕು ಹೆಜ್ಜೆ ಹೋಗಿರಲಿಲ್ಲ, ಮೊಮ್ಮಗ ನಿಂತು ಕೈಗಡಿಯಾರ ತಿರುಗಿಸತೊಡಗಿದ. ನೇಪಾಳದ ಗಡಿಯಾರ ನಮ್ಮದಕ್ಕಿಂತ 15 ನಿಮಿಷ ಮುಂದೆ.

"ಅಮ್ಮಾ, ನಿನ್ನ ವಯಸ್ಸು ಮತ್ತ ಹದಿನೈದು ನಿಮಿಷ ಹೆಚ್ಚಾತು ನೋಡು!"

"ಅದನ್ನೂ ಕಾರ್ಡಿನ್ಯಾಗ ಬರಸ್ರಿ ಅಂತ ನಿಮ್ಮಜ್ಜಗ ಹೇಳು" ಎಂದು ಅವಳು ಮುಂದೆ ನಡೆದೇ ಬಿಟ್ಟಳು.