ಬಿಸಿಯಾದರಷ್ಟೇ ಹಿಡಿಯುವ ಬ್ರೇಕು

ಘಾಟಿ ಅಪಘಾತದ ಸುದ್ದಿ ಕಳಿಸುವಾಗ ಕಾರಣದ ಜಾಗಕ್ಕೆ ಬಂದು ಕೂರುವುದು ಒಂದೇ ಮಾತು: ಬ್ರೇಕ್ ಫೇಲ್. ಚಾಲಕ ಹೇಳುವುದೂ ಅದೇ, ಠಾಣೆಯಲ್ಲಿ ಸಿಗುವುದೂ ಅದೇ. ಆ ಮಾತಿನೊಳಗೆ ಎಷ್ಟು ಸಂಗತಿ ಉಂಟು ಎಂದು ನಮಗೆ ತಿಳಿದದ್ದು ಮಾತ್ರ ಸುದ್ದಿಯ ಬೆನ್ನು ಹತ್ತಿ ಅಲ್ಲ, ಗೆಳೆಯನ ಕಾರಿಗೆ ಬ್ರೇಕ್ ಪ್ಯಾಡ್ ಹುಡುಕಲು ಹೊರಟಾಗ.

ಗೆಳೆಯನದ್ದು ಸಣ್ಣ ಕಾರು. ದಿನಾ ಸುರತ್ಕಲ್‌ನಿಂದ ಹಂಪನಕಟ್ಟೆಗೆ ಕೆಲಸಕ್ಕೆ, ತಿಂಗಳಿಗೊಮ್ಮೆ ಚಾರ್ಮಾಡಿ ಹತ್ತಿ ಮೂಡಿಗೆರೆಗೆ, ಹೆಂಡತಿಯ ಮನೆಗೆ. ವರ್ಷಕ್ಕೆ ಒಂದೆರಡು ಸಲ ಕೊಯಮತ್ತೂರಿನ ಹತ್ತಿರ ಚೆಟ್ಟಿಪಾಳಯಂನಲ್ಲಿರುವ ಕರಿ ಮೋಟಾರ್ ಸ್ಪೀಡ್‌ವೇಗೆ. 2.1 ಕಿಲೋಮೀಟರ್‌ನ ಆ ಟ್ರ್ಯಾಕಿನಲ್ಲಿ ದುಡ್ಡು ಕೊಟ್ಟು ಸ್ವಂತ ಕಾರು ಓಡಿಸುವ ಹುಚ್ಚು. ಈ ಮೂರಕ್ಕೂ ಒಂದೇ ಪ್ಯಾಡ್ ಸಾಕು ಎಂಬುದು ಅವನ ಆಸೆ. ನಮ್ಮ ಕಡೆ ಟ್ರ್ಯಾಕ್ ಅಂದರೆ ಮೊದಲು ನೆನಪಾಗುವುದು ಕಂಬಳದ ಕರೆ. ಅಲ್ಲಿ ಕೋಣಗಳಿಗೆ ಬ್ರೇಕಿನ ಚಿಂತೆ ಇಲ್ಲ, ಮಂಜೊಟ್ಟಿಯ ಏರೇ ಅವನ್ನು ನಿಲ್ಲಿಸುತ್ತದೆ. ಕಾರಿಗೆ ಆ ಪುಣ್ಯ ಇಲ್ಲ.

ಬ್ರೇಕಿನ ಕೆಲಸ ವೇಗವನ್ನು ಬಿಸಿಯಾಗಿ ಮಾಡಿ ಗಾಳಿಗೆ ಬಿಡುವುದು, ಅಷ್ಟೇ. 1,200 ಕಿಲೋ ತೂಕದ ಕಾರು 500 ಮೀಟರ್ ಎತ್ತರದಿಂದ ಇಳಿಯಿತು ಎನ್ನಿ. ಲೆಕ್ಕ ಹಾಕಿದರೆ, ಗಂಟೆಗೆ 100 ಕಿಲೋಮೀಟರ್ ವೇಗದಿಂದ ಸುಮಾರು 13 ಸಲ ಪೂರ್ತಿ ನಿಲ್ಲಿಸಿದಷ್ಟು ಶಕ್ತಿ ಅದು. ಒಂದು ಪಾಲನ್ನು ಗಾಳಿ ತಿನ್ನುತ್ತದೆ, ಸೆಕೆಂಡ್ ಗೇರಿನಲ್ಲಿ ಇಳಿದರೆ ಇನ್ನೊಂದು ದೊಡ್ಡ ಪಾಲನ್ನು ಇಂಜಿನ್ ಹೊರುತ್ತದೆ. ನ್ಯೂಟ್ರಲ್‌ಗೆ ಹಾಕಿ ಪೆಟ್ರೋಲ್ ಉಳಿಸುವವರಿದ್ದಾರಲ್ಲ, ಅವರು ಇಂಜಿನ್ನಿನ ಪಾಲನ್ನೂ ಪ್ಯಾಡಿನ ತಲೆಗೆ ಕಟ್ಟುತ್ತಾರೆ. ಟ್ರ್ಯಾಕಿನಲ್ಲಿ ಇದೇ ಬಿಸಿ ತಿರುವಿಗೊಂದು ಏಟಿನಂತೆ ಬೀಳುತ್ತದೆ, ಆರುವುದಕ್ಕೆ ಸಮಯ ಕೊಡದೆ.

ಹಾಗಾದರೆ ಟ್ರ್ಯಾಕಿನ ಪ್ಯಾಡನ್ನೇ ಹಾಕಿಬಿಟ್ಟರೆ ಎಲ್ಲ ಕಡೆಗೂ ಆಯಿತಲ್ಲ ಎಂದು ಗೆಳೆಯನ ವಾದ. ಬಿಜೈ ಕಡೆಯ ಗ್ಯಾರೇಜಿನ ಅಣ್ಣ ಪ್ಯಾಡನ್ನು ಕೈಯಲ್ಲಿ ತಿರುಗಿಸಿ ನೋಡಿ ಹೇಳಿದರು: "ಇದು ಬಿಸಿ ಆಗದೆ ಹಿಡಿಯುವುದಿಲ್ಲ ಮಾರಾಯ್ರೆ. ಕದ್ರಿಯ ಇಳಿಜಾರಿನಲ್ಲಿ ಬೆಳಿಗ್ಗೆ ಎಂಟು ಗಂಟೆಗೆ ಎಲ್ಲಿಂದ ಬಿಸಿ ತರುವುದು?"

ವಿಷಯ ಇರುವುದೇ ಅಲ್ಲಿ. ರೇಸಿಗೆಂದೇ ಮಾಡಿದ ಕೆಲವು ಪ್ಯಾಡ್‌ಗಳು 150–200 ಡಿಗ್ರಿ ದಾಟಿದ ಮೇಲಷ್ಟೇ ಸರಿಯಾಗಿ ಕಚ್ಚುತ್ತವೆ. ಊರೊಳಗಿನ ಓಡಾಟದಲ್ಲಿ ಡಿಸ್ಕ್ ಅಷ್ಟು ಕಾಯುವುದು ಅಪರೂಪ. ಜುಲೈ ತಿಂಗಳ ಮಳೆಯಲ್ಲಿ, ನೀರು ಹರಿಯುವ ಕಾಂಕ್ರೀಟ್ ರಸ್ತೆಯಲ್ಲಿ, ಮುಂದಿನ ಸಿಟಿ ಬಸ್ಸು ಸ್ಟಾಪಿಲ್ಲದ ಕಡೆ ಗಕ್ಕನೆ ನಿಂತಾಗ ನಮ್ಮನ್ನು ಉಳಿಸಬೇಕಾದ್ದು ತಣ್ಣಗಿನ, ಒದ್ದೆ ಪ್ಯಾಡಿನ ಮೊದಲ ಹಿಡಿತ. ದುಬಾರಿ ಪ್ಯಾಡ್ ಅಲ್ಲಿ ಕಂಪನಿಯ ಮಾಮೂಲಿ ಪ್ಯಾಡಿಗಿಂತ ಕಡೆ. ಜತೆಗೆ ಡಿಸ್ಕನ್ನು ಬೇಗ ಸವೆಸುತ್ತದೆ, ಸಿಗ್ನಲ್ಲಿನಲ್ಲಿ ಎಲ್ಲರೂ ತಿರುಗಿ ನೋಡುವಂತೆ ಕಿರುಚುತ್ತದೆ. ಅದರ ಲೋಹದ ಪುಡಿ ನಮ್ಮ ಉಪ್ಪುಗಾಳಿಗೆ ತುಕ್ಕು ಹಿಡಿದು ಅಲಾಯ್ ಚಕ್ರದ ಮೇಲೆ ಕಿತ್ತಳೆ ಚುಕ್ಕಿ ಇಡುತ್ತದೆ.

ಕೆಲವು ಪ್ಯಾಡಿನ ಅಂಚಿನಲ್ಲಿ ಎರಡು ಅಕ್ಷರ ಒತ್ತಿರುತ್ತಾರೆ: ಎಫ್‌ಎಫ್, ಜಿಜಿ, ಹೀಗೆ. ಮೊದಲನೆಯದು ಸಾಮಾನ್ಯ ಬಿಸಿಯಲ್ಲಿನ ಘರ್ಷಣೆ, ಎರಡನೆಯದು ಹೆಚ್ಚು ಕಾದಾಗಿನದು. ಎಫ್ ಅಂದರೆ 0.35ರಿಂದ 0.45, ಜಿ ಅಂದರೆ 0.45ರಿಂದ 0.55. ಎರಡೂ ಅಕ್ಷರ ಒಂದೇ ಆಗಿದ್ದರೆ ಕಾದಾಗಲೂ ಹಿಡಿತ ಬಹಳ ಬದಲಾಗದು ಎಂದು ಅರ್ಥ. ಆದರೆ ಆ ಪರೀಕ್ಷೆ ನಡೆಯುವುದು ಪ್ಯಾಡಿನ ಒಂದು ಸಣ್ಣ ತುಣುಕಿನ ಮೇಲೆ, ಪ್ರಯೋಗಾಲಯದ ಯಂತ್ರದಲ್ಲಿ. ಚಾರ್ಮಾಡಿಯ ತಿರುವು ಆ ಅಕ್ಷರದಲ್ಲಿ ಇಲ್ಲ. ಡಬ್ಬದ ಮೇಲೆ 'ರೇಸಿಂಗ್' ಎಂದು ಕೆಂಪಿನಲ್ಲಿ ಬರೆದದ್ದಕ್ಕಿಂತ ಈ ಎರಡು ಅಕ್ಷರ ವಾಸಿ, ಅಷ್ಟು ಹೇಳಬಹುದು.

ನಮಗೆ ಹೆಚ್ಚು ಬೇಕಾದ ಪಾಠ ಪ್ಯಾಡಿನ ಪಕ್ಕದ್ದು. ಘಾಟಿಯಲ್ಲಿ ಬ್ರೇಕ್ ಸೋಲುವುದು ಮುಖ್ಯವಾಗಿ ಎರಡು ಬಗೆ. ಪ್ಯಾಡ್ ಮಿತಿ ಮೀರಿ ಕಾದರೆ ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಎಷ್ಟು ಒತ್ತಿದರೂ ಗಾಡಿ ನಿಲ್ಲುವುದಿಲ್ಲ, ಸುಟ್ಟ ವಾಸನೆ ಬರುತ್ತದೆ. ಫ್ಲೂಯಿಡ್ ಕುದಿದರೆ ಪೈಪಿನಲ್ಲಿ ಆವಿ ಸೇರಿ ಪೆಡಲ್ ಮೆತ್ತಗೆ ತಳಕ್ಕೆ ಹೋಗುತ್ತದೆ. ಬ್ರೇಕ್ ಫ್ಲೂಯಿಡ್ ಗಾಳಿಯ ತೇವ ಹೀರುವ ಗುಣದ್ದು, ಮಂಗಳೂರಿನಲ್ಲಿ ತೇವಕ್ಕೆ ಬರವೇ? ಡಾಟ್ 4 ಫ್ಲೂಯಿಡ್ ಹೊಸತಿರುವಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು. ನೀರು ಹೀರಿದ ಮೇಲೆ ಆ ಮಟ್ಟ 155. ಡಾಟ್ 3 ಆದರೆ 205 ಮತ್ತು 140. ಅಂದರೆ ನಾಲ್ಕು ಮಳೆಗಾಲ ಕಂಡ ಫ್ಲೂಯಿಡ್ ಇಟ್ಟುಕೊಂಡು ಮೇಲಿಂದ ಎಂಥ ಪ್ಯಾಡ್ ಹಾಕಿದರೂ ವ್ಯರ್ಥ. ಪ್ಯಾಡ್ ತಡೆದುಕೊಂಡೀತು, ಅದರ ಬಿಸಿ ಹಿಂದೆ ಕ್ಯಾಲಿಪರಿಗೆ ಹೋಗಿ ಫ್ಲೂಯಿಡನ್ನು ಕುದಿಸುತ್ತದೆ.

ಆಮೇಲಿಂದ ನಾವು ಘಾಟಿ ಅಪಘಾತದ ಚಾಲಕರು ಮಾತಾಡುವ ಸ್ಥಿತಿಯಲ್ಲಿದ್ದರೆ ಒಂದು ಪ್ರಶ್ನೆ ಕೇಳುತ್ತೇವೆ: ಪೆಡಲ್ ಗಟ್ಟಿ ಇತ್ತಾ, ಮೆತ್ತಗೆ ಹೋಯಿತಾ? ಮೊದಲನೆಯದಾದರೆ ಗೇರಿನ ಬಗ್ಗೆ, ಹೊತ್ತ ತೂಕದ ಬಗ್ಗೆ ಕೇಳಬೇಕು. ಎರಡನೆಯದಾದರೆ ಗಾಡಿಯ ಸರ್ವಿಸ್ ಯಾರ ಜವಾಬ್ದಾರಿ, ಕೊನೆಗೆ ಯಾವಾಗ ಆಗಿತ್ತು ಎಂದು ಕೇಳಬೇಕು. ಎಷ್ಟೋ ಸಲ ಅದು ಚಾಲಕನ ಜವಾಬ್ದಾರಿ ಆಗಿರುವುದೇ ಇಲ್ಲ, ಕೇಸು ಮಾತ್ರ ಅವನ ಮೇಲೆ.

ಗೆಳೆಯ ಕೊನೆಗೆ ಊರಿಗೂ ಘಾಟಿಗೂ ತಣ್ಣಗಿರುವಾಗಲೇ ಹಿಡಿಯುವ, ಸ್ವಲ್ಪ ಬಿಸಿ ತಾಳುವ ಎಫ್‌ಎಫ್ ಪ್ಯಾಡ್ ಹಾಕಿಸಿದ. ಹೊಸ ಡಾಟ್ 4 ತುಂಬಿಸಿದ. ಟ್ರ್ಯಾಕಿನ ಪ್ಯಾಡ್ ಬೇರೆ ಡಬ್ಬದಲ್ಲಿ ಡಿಕ್ಕಿಯಲ್ಲಿದೆ. ಚೆಟ್ಟಿಪಾಳಯಂ ತಲುಪಿ ಜ್ಯಾಕ್ ಕೊಟ್ಟು ಬದಲಿಸುವುದು, ಸಂಜೆ ಮತ್ತೆ ಹಳೆಯದನ್ನು ಕೂರಿಸುವುದು. ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಲು ಖಾಲಿ ರಸ್ತೆಯಲ್ಲಿ ಹತ್ತಾರು ಸಲ ಮಧ್ಯಮ ವೇಗದಿಂದ ಬ್ರೇಕ್ ಹಾಕಿ, ಪೂರ್ತಿ ನಿಲ್ಲಿಸದೆ, ನಡುನಡುವೆ ಆರಲು ಬಿಡಬೇಕು. ಅದಕ್ಕೆ ಅವನು ಭಾನುವಾರ ಬೆಳಗಿನ ಜಾವ ಐದು ಗಂಟೆಗೆ ನಮ್ಮನ್ನೂ ಎಬ್ಬಿಸಿ ಕರೆದೊಯ್ದ. ಸುರತ್ಕಲ್ ದಾಟಿದ ಮೇಲೆ ಮೀನಿನ ಲಾರಿ ಬಿಟ್ಟರೆ ರಸ್ತೆಯಲ್ಲಿ ಯಾರೂ ಇರಲಿಲ್ಲ.